ಓದಿದ ಬಿಸಿ ಆರುವ ಮುಂಚೆ: ಹರೆಯದವರ ಫ್ಯಾಂಟಸಿ ಓದುವುದು, ಅದರ ಬಗ್ಗೆ ಬರೆಯುವುದು

ನನ್ನ ಹಳೆಯ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಎರಡು ಟಿಪ್ಪಣಿಗಳಿವೆ. ಮೊದಲನೆಯದು ಹೀಗಿದೆ: ‘ತುಂಬಾ ಚೆನ್ನಾಗಿದೆ. ಮೂರೇ ದಿನಕ್ಕೆ ಮುಗಿಸಿದೆ. ಎಲ್ಲರೂ ಓದಲೇಬೇಕು.’ ಪಕ್ಕದಲ್ಲಿ ಕಾದಂಬರಿಯ ಹೆಸರಿದೆ. ಆ ಹೆಸರು ನೋಡಿದರೆ ಇವತ್ತು ನನಗೆ ಏನೂ ನೆನಪಾಗುವುದಿಲ್ಲ. ನಾಯಕಿ ಯಾರು, ಅವಳಿಗೆ ಏನು ಬೇಕಿತ್ತು, ಕೊನೆಗೆ ಏನಾಯಿತು, ಒಂದೂ ಇಲ್ಲ.

ಎರಡನೆಯದು ಇನ್ನೊಂದು ಕಾದಂಬರಿಯ ಬಗ್ಗೆ: ‘ಅಣ್ಣ ಬಾಗಿಲು ತೆಗೆಯಲಿಲ್ಲ. ಒಳಗೇ ಇದ್ದ, ಆದರೂ ತೆಗೆಯಲಿಲ್ಲ. ಅವಳು ಬೆಳಗಾಗುವವರೆಗೂ ಹೊಸ್ತಿಲ ಮೇಲೆ ಕೂತಳು. ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೋಣೆಯಲ್ಲಿ ಓಡಾಡಿದೆ.’ ಇಷ್ಟು ಓದಿದರೆ ಸಾಕು. ಆ ಮನೆ, ಆ ಚಳಿ, ಅವಳ ಕೈಯಲ್ಲಿದ್ದ ಒದ್ದೆ ಗಂಟು, ಅದರ ಹಿಂದಿನ ಇನ್ನೂರು ಪುಟ, ಎಲ್ಲವೂ ಕಣ್ಣ ಮುಂದೆ ಬರುತ್ತವೆ.

ಮೊದಲ ಪುಸ್ತಕವೂ ಒಳ್ಳೆಯದೇ ಇದ್ದಿರಬೇಕು. ಮೂರು ದಿನ ನನ್ನನ್ನು ಹಿಡಿದು ಕೂರಿಸಿದೆಯಲ್ಲ! ಆದರೆ ಆ ಮೂರು ದಿನದಿಂದ ನಾನು ಏನನ್ನೂ ಉಳಿಸಿಕೊಳ್ಳಲಿಲ್ಲ. ಪುಸ್ತಕಗಳ ಬಗ್ಗೆ ಬ್ಲಾಗ್ ಬರೆಯುವ ಅಭ್ಯಾಸದಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ. ಓದಿದ್ದು ನನ್ನ ಹತ್ತಿರ ಉಳಿಯಿತು, ಜೊತೆಗೆ ಅದನ್ನು ಓದಿದ ಬೇರೆ ಜನರೂ ಸಿಕ್ಕಿದರು. ನಾನು ಹೇಗೆ ಓದುತ್ತೇನೆ, ಹೇಗೆ ಬರೆಯುತ್ತೇನೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಹರೆಯದವರ ಫ್ಯಾಂಟಸಿ ಅಂದರೆ ಯಾವುದು?

12ರಿಂದ 18 ವರ್ಷದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಪುಸ್ತಕಗಳಿಗೆ ಪ್ರಕಾಶಕರು, ಗ್ರಂಥಪಾಲಕರು ಯಂಗ್ ಅಡಲ್ಟ್ ಅನ್ನುತ್ತಾರೆ. ಚಿಕ್ಕದಾಗಿ ವೈಎ. ಅದರಲ್ಲಿ ಮಂತ್ರ, ಮಾಯೆ, ಬೇರೆ ಲೋಕ, ಡ್ರ್ಯಾಗನ್, ಶಾಪ ಇವೆಲ್ಲ ಬಂದರೆ ವೈಎ ಫ್ಯಾಂಟಸಿ. ಆದರೆ ಈ ವಿವರಣೆಯಿಂದ ಅದರ ರುಚಿ ಗೊತ್ತಾಗುವುದಿಲ್ಲ.

1968ರಲ್ಲಿ ಉರ್ಸುಲಾ ಕೆ. ಲೆ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಬಂತು. ಹರೆಯದವರಿಗಾಗಿ ಒಂದು ಪುಸ್ತಕ ಬರೆದುಕೊಡಿ ಅಂತ ಪ್ರಕಾಶಕರೊಬ್ಬರು ಕೇಳಿದಾಗ ಅವರಿಗೆ ಒಂದು ಪ್ರಶ್ನೆ ಹುಟ್ಟಿತಂತೆ. ಕಥೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರು. ಅವರೂ ಒಂದು ಕಾಲದಲ್ಲಿ ಹುಡುಗರಾಗಿದ್ದರಲ್ಲ, ಆಗ ಹೇಗಿದ್ದರು? ಆ ವಿದ್ಯೆ ಎಲ್ಲಿ ಕಲಿತರು? ನನ್ನ ಮಟ್ಟಿಗೆ ಇಡೀ ವೈಎ ಫ್ಯಾಂಟಸಿಯ ಜೀವ ಈ ಪ್ರಶ್ನೆಯಲ್ಲಿದೆ. ಶಕ್ತಿ ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಬಂದಷ್ಟನ್ನು ಏನು ಮಾಡಬೇಕೋ ಗೊತ್ತಿಲ್ಲ. ಮೊದಲ ಸುಳ್ಳು, ಮೊದಲ ದ್ರೋಹ, ಮೊದಲ ಸಲ ಮನೆ ಬಿಟ್ಟು ಹೊರಡುವುದು, ಎಲ್ಲವೂ ಹೊಸದು.

ಇನ್ನೊಂದು ಉದಾಹರಣೆ ನೋಡಿ. ಟಮೋರಾ ಪಿಯರ್ಸ್ ಅವರ ಅಲಾನಾ ಸರಣಿಯ ಮೊದಲ ಪುಸ್ತಕ 1983ರಲ್ಲಿ ಬಂತು. ಯೋಧರ ತರಬೇತಿಗೆ ಸೇರಲು ಹುಡುಗನ ವೇಷ ಹಾಕುವ ಹುಡುಗಿಯ ಕಥೆ. ಪಿಯರ್ಸ್ ಅದನ್ನು ಮೊದಲು ದೊಡ್ಡವರಿಗಾಗಿ ಒಂದೇ ದೊಡ್ಡ ಕಾದಂಬರಿಯಾಗಿ ಬರೆದಿದ್ದರು. ಆಮೇಲೆ ಅದನ್ನೇ ಹರೆಯದವರಿಗಾಗಿ ನಾಲ್ಕು ಪುಸ್ತಕಗಳಾಗಿ ತಿದ್ದಿ ಬರೆದರು. ಒಂದೇ ಕಥೆ ಎರಡೂ ಕಡೆಗೆ ಹೋಗಬಹುದಿತ್ತು ಅಂತಾಯಿತು. ಹಾಗಾಗಿ ನಿಮಗೆ ನಲವತ್ತಾಗಿದೆ, ಐವತ್ತಾಗಿದೆ ಅಂತ ಈ ಪುಸ್ತಕಗಳನ್ನು ಮುಚ್ಚಿಟ್ಟುಕೊಂಡು ಓದಬೇಡಿ. ಹದಿನೈದನೇ ವಯಸ್ಸು ಎಲ್ಲರ ಒಳಗೂ ಇನ್ನೂ ಇರುತ್ತದೆ.

ಮೊದಲ ಹೆಜ್ಜೆ: ಪುಸ್ತಕ ಆರಿಸಿಕೊಳ್ಳುವುದು

ಮುಖಪುಟ ನೋಡಿ, ಬೆನ್ನುಡಿ ಓದಿ ಆರಿಸಿಕೊಳ್ಳುವವರೇ ಜಾಸ್ತಿ. ಬೆನ್ನುಡಿ ಬರೆಯುವುದು ಪುಸ್ತಕ ಮಾರುವುದಕ್ಕೆ. ಅದರ ಬದಲು ಮೊದಲ ಮೂರು ಪುಟ ಓದಿ. ಆಮೇಲೆ ನಡುವಿನ ಯಾವುದಾದರೂ ಒಂದು ಪುಟ ತೆರೆದು ಅದರಲ್ಲಿ ಜನ ಹೇಗೆ ಮಾತಾಡುತ್ತಾರೆ ನೋಡಿ. ಮಾತು ಹಿಡಿಸಿದರೆ ಪುಸ್ತಕ ಹಿಡಿಸುವ ಸಾಧ್ಯತೆ ಹೆಚ್ಚು. ಮಾಯಾಲೋಕ ಎಷ್ಟೇ ಚೆನ್ನಾಗಿರಲಿ, ಅಲ್ಲಿನ ಜನ ಮರದ ಬೊಂಬೆಗಳ ಹಾಗೆ ಮಾತಾಡಿದರೆ ನಾನೂರು ಪುಟ ಎಳೆಯುವುದು ಕಷ್ಟ.

ಈಗಷ್ಟೇ ಶುರು ಮಾಡುವವರು ಒಂದೇ ಪುಸ್ತಕದಲ್ಲಿ ಮುಗಿಯುವ ಕಾದಂಬರಿ ಹುಡುಕಿಕೊಳ್ಳಿ. ಫ್ಯಾಂಟಸಿಯಲ್ಲಿ ಸರಣಿಗಳೇ ಹೆಚ್ಚು. ಮೂರು ಪುಸ್ತಕದ ಸರಣಿಯ ಮೊದಲನೆಯದು ಓದಿ, ಕಥೆ ಅರ್ಧಕ್ಕೆ ನಿಂತು, ಎರಡನೆಯದು ಸಿಗದೆ ಒದ್ದಾಡಿದರೆ ಶುರುವಿನಲ್ಲೇ ಉತ್ಸಾಹ ಇಳಿದುಹೋಗುತ್ತದೆ.

ಸರಣಿ ಹಿಡಿದರೆ ಯಾವ ಕ್ರಮದಲ್ಲಿ ಓದಬೇಕು ಅನ್ನುವ ಪ್ರಶ್ನೆ ಬರುತ್ತದೆ. ಪ್ರಕಟವಾದ ಕ್ರಮದಲ್ಲೇ ಓದಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಅನ್ನುವುದಕ್ಕೆ ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಪುಸ್ತಕಗಳನ್ನು ನೋಡಿ. ಇವು ಮಕ್ಕಳ ಪುಸ್ತಕಗಳು, ಆದರೆ ಪಾಠ ಎಲ್ಲ ಸರಣಿಗೂ ಒಂದೇ. 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕಗಳು ಬಂದವು. ಮೊದಲು ಬಂದದ್ದರಲ್ಲಿ ಲೂಸಿ ಅನ್ನುವ ಹುಡುಗಿ ಒಂದು ದೊಡ್ಡ ಬಟ್ಟೆ ಬೀರುವಿನೊಳಗೆ ಹೋಗುತ್ತಾಳೆ. ತುಪ್ಪಳದ ಕೋಟುಗಳನ್ನು ಸರಿಸುತ್ತ ಸರಿಸುತ್ತ ಹೋದರೆ ಕಾಲ ಕೆಳಗೆ ಹಿಮ. ಮುಂದೆ ಕಾಡು. ಕಾಡಿನ ನಡುವೆ ಒಂದು ಬೀದಿದೀಪದ ಕಂಬ, ಅದರಲ್ಲಿ ದೀಪ ಉರಿಯುತ್ತಿದೆ. ಕಾಡಿನಲ್ಲಿ ಬೀದಿದೀಪ ಯಾಕೆ? ಲೂಸಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಕಂಬ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಲೂಯಿಸ್ 1955ರಲ್ಲಿ ಬಂದ ಆರನೇ ಪುಸ್ತಕದಲ್ಲಿ ಹೇಳಿದರು. ಆ ಪುಸ್ತಕದ ಕಥೆ ಕಾಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದಿನದು. ಅದಕ್ಕೇ ಈಗಿನ ಎಷ್ಟೋ ಮುದ್ರಣಗಳಲ್ಲಿ ಅದಕ್ಕೆ ಒಂದನೇ ನಂಬರ್ ಹಾಕಿರುತ್ತಾರೆ. ಅದನ್ನು ಮೊದಲು ಓದಿದವರಿಗೆ ಹಿಮದ ನಡುವಿನ ಆ ದೀಪ ಕಂಡಾಗ ‘ಓ, ಅದೇ ಕಂಬ’ ಅನ್ನಿಸುತ್ತದೆ. ಮೊದಲ ಸಲದ ಬೆರಗು ಅವರಿಗೆ ಇನ್ನು ಸಿಗುವುದಿಲ್ಲ.

ಎರಡನೇ ಹೆಜ್ಜೆ: ಮೊದಲ ಐವತ್ತು ಪುಟ ತಾಳ್ಮೆಯಿಂದ ಇರಿ

ಫ್ಯಾಂಟಸಿ ಓದಿ ಅಭ್ಯಾಸವಿಲ್ಲದವರು ಕೈಬಿಡುವುದು ಇಲ್ಲೇ. ಬಾಯಿಗೆ ಬಾರದ ಹೆಸರುಗಳು, ಯಾವುದೋ ರಾಜವಂಶ, ಯಾವುದೋ ಯುದ್ಧ, ಅರ್ಥವಾಗದ ಪದಗಳು. ‘ನನ್ನ ತಲೆಗೆ ಹೋಗ್ತಿಲ್ಲ’ ಅಂತ ಪುಸ್ತಕ ಮುಚ್ಚಿಬಿಡುತ್ತಾರೆ.

ಅಷ್ಟು ಬೇಗ ಮುಚ್ಚಬೇಡಿ. ಹೊಸ ಊರಿಗೆ ಹೋದಾಗ ಮೊದಲ ದಿನವೇ ಎಲ್ಲ ಬೀದಿ ಗೊತ್ತಾಗುವುದಿಲ್ಲ ಅಲ್ವಾ? ಒಳ್ಳೆಯ ಲೇಖಕರು ಬೇಕಾದ್ದನ್ನು ಬೇಕಾದಾಗ ಹೇಳುತ್ತಾರೆ. ಅರ್ಥವಾಗದ ಪದ ಬಂದರೆ ಹಾಗೇ ಮುಂದೆ ಹೋಗಿ. ಮೂರನೇ ಸಲ ಬರುವಷ್ಟರಲ್ಲಿ ಅದು ತಾನಾಗಿ ತಿಳಿದಿರುತ್ತದೆ. ಪುಸ್ತಕದ ಶುರುವಿನಲ್ಲಿ ನಕ್ಷೆ ಇದ್ದರೆ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಪದೇ ಪದೇ ಹಿಂದಕ್ಕೆ ಹೋಗುವುದು ತಪ್ಪುತ್ತದೆ. ಒಂದು ಚೀಟಿಯಲ್ಲಿ ಹೆಸರುಗಳನ್ನು ಬರೆದುಕೊಳ್ಳಿ. ಹೆಸರಿನ ಮುಂದೆ ಎರಡು ಪದ ಸಾಕು: ‘ಕುಂಟುವ ಗುರು’, ‘ಸುಳ್ಳು ಹೇಳಿದ ತಂಗಿ’.

ಒಂದನ್ನು ಮಾತ್ರ ಮಾಡಲೇಬೇಡಿ. ಪಾತ್ರದ ಹೆಸರು ಮರೆತುಹೋಯಿತು ಅಂತ ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ‘ಇವನು ಮೂರನೇ ಪುಸ್ತಕದಲ್ಲಿ ಸಾಯುತ್ತಾನೆ’ ಅನ್ನುವುದು ಮೊದಲ ಸಾಲಿನಲ್ಲೇ ಕಾಣಿಸಬಹುದು.

ಐವತ್ತು ಪುಟ ಆದ ಮೇಲೂ ಯಾರ ಬಗ್ಗೆಯೂ ಕಾಳಜಿ ಹುಟ್ಟದಿದ್ದರೆ ಬಿಟ್ಟುಬಿಡಿ. ಓದುವ ಪುಸ್ತಕಗಳಿಗೇನು ಬರವೇ?

ಮೂರನೇ ಹೆಜ್ಜೆ: ಕೈಯಲ್ಲಿ ಪೆನ್ಸಿಲ್

ನಾನು ಬಳಸುವುದು ಮೂರೇ ಗುರುತು. ಆ ಲೋಕದ ಯಾವುದಾದರೂ ನಿಯಮ ಗೊತ್ತಾದ ಕಡೆ ಒಂದು ಚುಕ್ಕೆ. ಭಾಷೆ ಖುಷಿ ಕೊಟ್ಟ ಕಡೆ ಒಂದು ಗೆರೆ. ಓದುವುದು ನಿಂತುಹೋದ ಕಡೆ ಒಂದು ಕತ್ತರಿ ಗುರುತು.

ಈ ಕೊನೆಯದು ಮುಖ್ಯ. ಓದುವುದು ಯಾಕೆ ನಿಲ್ಲುತ್ತದೆ? ಗಂಟಲು ಕಟ್ಟಿತು. ಸಿಟ್ಟು ಬಂತು. ನಗು ಬಂತು. ಅಥವಾ ಇಲ್ಲಿ ಏನೋ ಸರಿಯಿಲ್ಲ, ಲೇಖಕರು ಮೋಸ ಮಾಡಿದರು ಅನ್ನಿಸಿತು. ಕಾರಣ ಏನೇ ಇರಲಿ, ಆ ಗಳಿಗೆಯಲ್ಲಿ ಪುಸ್ತಕಕ್ಕೂ ನಿಮಗೂ ನಡುವೆ ಏನೋ ನಡೆದಿದೆ. ಅದು ನಿಮಗೆ ಮಾತ್ರ ಗೊತ್ತು. ಬೇರೆ ಯಾರೂ ಅದನ್ನು ಬರೆಯಲಾರರು. ಗುರುತಿನ ಪಕ್ಕದಲ್ಲಿ ನಾಲ್ಕೈದು ಪದ ಗೀಚಿಡಿ. ‘ಇವಳು ಕ್ಷಮೆ ಕೇಳಬಾರದಿತ್ತು.’ ಅಷ್ಟೇ.

ಗ್ರಂಥಾಲಯದ ಪುಸ್ತಕವಾದರೆ ಗೀಚಬೇಡಿ, ಸಣ್ಣ ಚೀಟಿ ಇಡಿ. ಇ-ಪುಸ್ತಕವಾದರೆ ಸಾಲು ಗುರುತು ಹಾಕುವ ಸೌಲಭ್ಯ ಇದ್ದೇ ಇರುತ್ತದೆ. ಆಡಿಯೋ ಕೇಳುವವರು ಫೋನಿನಲ್ಲಿ ಹತ್ತು ಸೆಕೆಂಡು ನಿಮ್ಮದೇ ದನಿಯಲ್ಲಿ ಹೇಳಿಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ಮೂರು ಪ್ರಶ್ನೆ

ಪುಸ್ತಕ ಮುಗಿದ ಮೇಲೆ ನಾನು ಪ್ರತಿ ಫ್ಯಾಂಟಸಿಗೂ ಇದೇ ಮೂರು ಪ್ರಶ್ನೆ ಕೇಳುತ್ತೇನೆ.

ಮೊದಲನೆಯದು: ಇಲ್ಲಿ ಮಂತ್ರಕ್ಕೆ ಏನು ಬೆಲೆ ತೆರಬೇಕು? ಸುಮ್ನೆ ಕೈ ಬೀಸಿದರೆ ಎಲ್ಲ ಆಗುವುದಾದರೆ ಕಥೆಗೆ ಬಿಗಿಯೇ ಇರುವುದಿಲ್ಲ. ಅರ್ಥ್‌ಸೀ ನೋಡಿ. ಆ ದ್ವೀಪಗಳ ಲೋಕದಲ್ಲಿ ಪ್ರತಿ ವಸ್ತುವಿಗೂ, ಪ್ರತಿ ಮನುಷ್ಯನಿಗೂ ಒಂದು ನಿಜವಾದ ಹೆಸರಿದೆ. ಆ ಹೆಸರು ತಿಳಿದವರಿಗೆ ಅದರ ಮೇಲೆ ಶಕ್ತಿ ಬರುತ್ತದೆ. ಅದಕ್ಕೇ ಅಲ್ಲಿ ಜನ ತಮ್ಮ ನಿಜವಾದ ಹೆಸರನ್ನು ಬಚ್ಚಿಟ್ಟುಕೊಳ್ಳುತ್ತಾರೆ. ತೀರಾ ನಂಬಿದವರಿಗೆ ಮಾತ್ರ ಹೇಳುತ್ತಾರೆ. ಒಬ್ಬರಿಗೆ ನಿಮ್ಮ ಹೆಸರು ಹೇಳುವುದೇ ನಿಮ್ಮ ಪ್ರಾಣವನ್ನು ಅವರ ಕೈಗೆ ಕೊಟ್ಟ ಹಾಗೆ. ಸ್ನೇಹದ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಜೊತೆಗೆ ಅಲ್ಲಿ ಇನ್ನೊಂದು ನಿಯಮವಿದೆ, ಸಮತೋಲನದ್ದು. ಒಂದು ದ್ವೀಪದಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಇದೆಲ್ಲ ಕಲಿತ ಮೇಲೂ ಗೆಡ್ ಅನ್ನುವ ಹುಡುಗ ಜಂಬಕ್ಕೆ ಬಿದ್ದು, ಸಹಪಾಠಿಯ ಎದುರು ತನ್ನ ಶಕ್ತಿ ತೋರಿಸಲು ಹೋಗಿ, ಮಾಡಬಾರದ ಮಂತ್ರ ಮಾಡುತ್ತಾನೆ. ಮುಂದಿನದನ್ನು ನಾನು ಹೇಳುವುದಿಲ್ಲ. ಐವತ್ತು ವರ್ಷಕ್ಕಿಂತ ಹಳೆಯ ಪುಸ್ತಕವಾದರೇನು, ಓದದವರಿಗೆ ಅದು ಹೊಸ ಪುಸ್ತಕವೇ.

ಎರಡನೆಯದು: ಈ ಲೋಕದಲ್ಲಿ ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದಿಲ್ಲ? ಅರಮನೆಯಲ್ಲಿ ನೂರು ದೀಪ ಉರಿಯುತ್ತಿದ್ದರೆ ಎಣ್ಣೆ ಹಾಕುವವರು ಯಾರು? ಮಾಂತ್ರಿಕರ ಶಾಲೆಗೆ ಯಾರ ಮಕ್ಕಳು ಸೇರುತ್ತಾರೆ? ಇದನ್ನು ಕೇಳುವಾಗ ಪುಸ್ತಕದ ಒಳಗಿನ ಮಾತನ್ನೇ ನಂಬಿ, ಹೊರಗಿನ ಚಿತ್ರವನ್ನು ನಂಬಬೇಡಿ. ಲೆ ಗ್ವಿನ್ ತಮ್ಮ ಗೆಡ್‌ನ ಮೈಬಣ್ಣ ಕೆಂಪು ಮಿಶ್ರಿತ ಕಂದು ಅಂತ ಬರೆದಿದ್ದರು. ಆದರೆ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯನಾಗಿ ಚಿತ್ರಿಸಿದರು. 2004ರ ಟಿವಿ ಸರಣಿಯಲ್ಲೂ ಬಿಳಿಯ ನಟನೇ ಆ ಪಾತ್ರ ಮಾಡಿದ. ಲೆ ಗ್ವಿನ್ ಅದನ್ನು ಬಹಿರಂಗವಾಗಿ ಖಂಡಿಸಿ ಬರೆದರು. ಲೇಖಕಿ ಯೋಚಿಸಿ ಬರೆದ ಒಂದು ವಿವರವನ್ನು ಉಳಿದವರು ಸಲೀಸಾಗಿ ಅಳಿಸಿಬಿಟ್ಟರು. ಓದುಗರಾದ ನಾವು ಅದನ್ನು ಗಮನಿಸಿ ಬರೆದರೆ ಅದು ಉಳಿಯುತ್ತದೆ.

ಮೂರನೆಯದು: ನಾಯಕ ಅಥವಾ ನಾಯಕಿ ತಾವಾಗಿ ಏನು ನಿರ್ಧಾರ ಮಾಡಿದರು? ಈ ಬಗೆಯ ಕಾದಂಬರಿಗಳಲ್ಲಿ ಭವಿಷ್ಯವಾಣಿ ಜಾಸ್ತಿ. ‘ಲೋಕ ಉಳಿಸುವವಳು ನೀನೇ’ ಅಂತ ಯಾರೋ ಹೇಳಿರುತ್ತಾರೆ. ಆ ಭವಿಷ್ಯವಾಣಿಯನ್ನು ತೆಗೆದುಹಾಕಿ ನೋಡಿ. ಆಗಲೂ ಅವಳು ಬಾಗಿಲು ತೆಗೆದು ಹೊರಡುತ್ತಿದ್ದಳೇ? ಹೌದಾದರೆ ಆ ಪಾತ್ರಕ್ಕೆ ಜೀವ ಇದೆ.

ಮೂರಕ್ಕೂ ಉತ್ತರ ಬರೆಯಬೇಕು ಅಂತೇನೂ ಇಲ್ಲ. ಯಾವುದಕ್ಕೆ ಉತ್ತರ ಬರೆಯುವಾಗ ಕೈ ತಾನಾಗಿ ಓಡುತ್ತದೋ ಅದೇ ನಿಮ್ಮ ಲೇಖನ.

ಐದನೇ ಹೆಜ್ಜೆ: ಬರೆಯುವುದು

ಮುಗಿಸಿದ ಒಂದು ದಿನದೊಳಗೆ ಮೊದಲ ಕರಡು ಬರೆಯಿರಿ. ಬೇರೆಯವರ ವಿಮರ್ಶೆ ಓದುವ ಮುಂಚೆ ಬರೆಯಿರಿ. ಒಂದು ಸಲ ಅವರ ಮಾತು ಕಿವಿಗೆ ಬಿದ್ದರೆ ನಿಮ್ಮ ಮಾತು ಯಾವುದು, ಅವರದು ಯಾವುದು ಅಂತ ಬಿಡಿಸುವುದು ಕಷ್ಟ. ಇಪ್ಪತ್ತು ನಿಮಿಷ ಕೈ ಎತ್ತದೆ ಬರೆಯಿರಿ. ವ್ಯಾಕರಣ, ಕಾಗುಣಿತ ಆಮೇಲೆ ನೋಡಿಕೊಳ್ಳಬಹುದು.

ಎಲ್ಲಿಂದ ಶುರು ಮಾಡುವುದು? ಕತ್ತರಿ ಗುರುತು ಹಾಕಿದ ಪುಟದಿಂದ. ಒಂದು ಉದಾಹರಣೆ ಕೊಡುತ್ತೇನೆ. ಇಂಥದ್ದೊಂದು ಕಾದಂಬರಿ ಇದೆ ಅಂತ ಇಟ್ಟುಕೊಳ್ಳೋಣ, ನಾನೇ ಕಲ್ಪಿಸಿಕೊಂಡದ್ದು. ಅದರ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ಮೊದಲು ಬರೆಯುವುದು ಹೀಗೆ:

‘ಈ ಕಾದಂಬರಿಯ ಕಥಾಹಂದರ ತುಂಬಾ ಕುತೂಹಲಕಾರಿಯಾಗಿದೆ. ನಾಯಕಿಯ ಪಾತ್ರ ಅದ್ಭುತವಾಗಿ ಮೂಡಿಬಂದಿದೆ. ಲೇಖಕಿ ಮಾಯಾಲೋಕವನ್ನು ಸೊಗಸಾಗಿ ಕಟ್ಟಿಕೊಟ್ಟಿದ್ದಾರೆ. ಎಲ್ಲ ವಯಸ್ಸಿನವರೂ ಓದಲೇಬೇಕಾದ ಕೃತಿ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಪುಸ್ತಕದ ಹೆಸರು ಬದಲಾಯಿಸಿದರೆ ಇದೇ ನಾಲ್ಕು ಸಾಲು ಇನ್ನೊಂದು ಪುಸ್ತಕಕ್ಕೂ ಸರಿಹೋಗುತ್ತದೆ. ಈಗ ಗುರುತು ಹಾಕಿದ ಪುಟದಿಂದ ಶುರು ಮಾಡಿ ನೋಡೋಣ:

‘ಈ ಹುಡುಗಿ ಬೆರಳು ತಾಗಿಸಿ ದೀಪ ಹಚ್ಚಬಲ್ಲಳು. ಪ್ರತಿ ದೀಪಕ್ಕೂ ಅವಳ ಒಂದು ನೆನಪು ಹೋಗುತ್ತದೆ. ಯಾವುದು ಹೋಗಬೇಕು ಅನ್ನುವುದು ಅವಳ ಕೈಯಲ್ಲಿಲ್ಲ. ಮೊದಲು ನನಗೆ ಇದು ಸಣ್ಣ ಬೆಲೆ ಅನ್ನಿಸಿತು, ಅವಳಿಗೂ ಹಾಗೇ ಅನ್ನಿಸಿತ್ತು. ಒಂದು ಸಂಜೆ ಅವಳು ಮನೆಯ ಕಡೆ ಬರುತ್ತಿದ್ದಾಳೆ. ಅಂಗಳದಿಂದ ಅಮ್ಮ ಮುದ್ದಿನ ಹೆಸರು ಹಿಡಿದು ಕರೆಯುತ್ತಾಳೆ. ಇವಳು ತಿರುಗುವುದಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಮುಂದೆ ನಡೆಯುತ್ತಾಳೆ. ಲೇಖಕಿ ಒಂದು ಸಾಲಿನ ವಿವರಣೆಯನ್ನೂ ಕೊಡುವುದಿಲ್ಲ. ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ.’

‘ಅದ್ಭುತ’ ಅನ್ನುವ ಪದ ಇಲ್ಲಿ ಎಲ್ಲೂ ಇಲ್ಲ. ಆದರೂ ಈ ಪುಸ್ತಕ ಬೇಕು ಅನ್ನಿಸುತ್ತದೆ ಅಲ್ವಾ? ಲೋಕದ ನಿಯಮ ಬಂತು, ಬೆಲೆ ಬಂತು, ಲೇಖಕಿಯ ಬರವಣಿಗೆಯ ಗುಣ ಬಂತು, ಓದಿದವರ ಮನಸ್ಸಿನಲ್ಲಿ ಏನಾಯಿತು ಅನ್ನುವುದೂ ಬಂತು. ಒಂದೇ ದೃಶ್ಯ ಇಷ್ಟೆಲ್ಲ ಕೆಲಸ ಮಾಡಿತು.

ಕಥೆ ಹೇಳಲು ಮೂರು ವಾಕ್ಯ ಸಾಕು. ಯಾರು, ಎಲ್ಲಿ, ಅವರಿಗೆ ಏನು ಬೇಕು. ಕಥೆ ಪೂರ್ತಿ ಹೇಳಿದರೆ ಓದುಗರಿಗೆ ಪುಸ್ತಕ ಓದುವ ಅಗತ್ಯವೇ ಉಳಿಯುವುದಿಲ್ಲ, ನಿಮ್ಮ ಮಾತಿಗೆ ಜಾಗವೂ ಉಳಿಯುವುದಿಲ್ಲ. ಪುಸ್ತಕದ ಸಾಲುಗಳನ್ನು ಎತ್ತಿ ಹಾಕುವುದಾದರೆ ಒಂದೆರಡು ಸಾಲು ಹಾಕಿ, ಯಾಕೆ ಆ ಸಾಲು ಅಂತಲೂ ಹೇಳಿ. ಪುಟಗಟ್ಟಲೆ ನಕಲು ಮಾಡುವುದು ಲೇಖಕರಿಗೆ ಅನ್ಯಾಯ.

ಕರಡನ್ನು ಎರಡು ದಿನ ಹಾಗೇ ಬಿಡಿ. ಆಮೇಲೆ ಜೋರಾಗಿ ಓದಿ. ಬಾಯಿ ಎಲ್ಲಿ ತಡವರಿಸುತ್ತದೋ ಅಲ್ಲಿ ವಾಕ್ಯ ಮುರಿಯಿರಿ. ‘ಮೂಡಿಬಂದಿದೆ’, ‘ಕಟ್ಟಿಕೊಟ್ಟಿದ್ದಾರೆ’, ‘ಓದಿಸಿಕೊಂಡು ಹೋಗುತ್ತದೆ’ ಇವು ಕಂಡರೆ ನಿಂತು, ಹೇಗೆ ಮೂಡಿಬಂತು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಆ ಉತ್ತರವನ್ನು ಅಲ್ಲಿ ಬರೆಯಿರಿ.

ನಕ್ಷತ್ರ ಕೊಡಬೇಕೇ? ನಾನು ಕೊಡುವುದಿಲ್ಲ. ಐದಕ್ಕೆ ಮೂರೂವರೆ ಅಂತ ಬರೆದ ಕೂಡಲೇ ಓದುವವರು ಆ ಅಂಕಿಯನ್ನು ಮಾತ್ರ ನೋಡಿಕೊಂಡು ಹೋಗುತ್ತಾರೆ. ಅದರ ಬದಲು ‘ಇದು ಯಾರಿಗೆ’ ಅಂತ ಒಂದು ಸಾಲು ಬರೆಯಿರಿ. ‘ನಿಧಾನದ ಕಥೆ ಇಷ್ಟಪಡುವವರಿಗೆ. ಯುದ್ಧದ ದೃಶ್ಯ ಬಯಸುವವರಿಗೆ ನಿರಾಸೆಯಾಗಬಹುದು.’ ಇದು ನಿಜವಾಗಿಯೂ ಉಪಯೋಗಕ್ಕೆ ಬರುವ ಮಾತು.

ಆರನೇ ಹೆಜ್ಜೆ: ಸ್ಪಾಯ್ಲರ್ ಬಗ್ಗೆ ಎಚ್ಚರ

ಕಥೆಯಲ್ಲಿ ಮುಂದೆ ಏನಾಗುತ್ತದೆ ಅನ್ನುವುದನ್ನು ಓದುವ ಮುಂಚೆಯೇ ಬಿಟ್ಟುಕೊಡುವ ಮಾತಿಗೆ ಸ್ಪಾಯ್ಲರ್ ಅನ್ನುತ್ತಾರೆ. ಶುರುವಿನ ದಿನಗಳಲ್ಲಿ ನಾನು ಅಂಥದ್ದೇ ಒಂದು ತಪ್ಪು ಮಾಡಿದೆ. ಒಂದು ಸರಣಿಯ ಎರಡನೇ ಪುಸ್ತಕದ ಬಗ್ಗೆ ಬರೆಯುತ್ತ, ಮೊದಲ ಪುಸ್ತಕದ ಕೊನೆಯಲ್ಲಿ ಸತ್ತ ಪಾತ್ರದ ಹೆಸರನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಓದುಗರೊಬ್ಬರು ಉತ್ತರಿಸಿದರು: ‘ನಾನು ಇನ್ನೂ ಮೊದಲನೆಯದರ 300ನೇ ಪುಟದಲ್ಲಿದ್ದೆ.’ ಬೈಗುಳ ಇರಲಿಲ್ಲ, ಬೇಸರ ಮಾತ್ರ ಇತ್ತು. ಆ ಸಾಲು ಈಗಲೂ ನನ್ನ ಮನಸ್ಸಿನಲ್ಲಿದೆ. ಅವರ ಉಳಿದ ಪುಟಗಳನ್ನು ನಾನು ವಾಪಸ್ ಕೊಡಲಾರೆ.

ಅಂದಿನಿಂದ ನಾನು ಪಾಲಿಸುವ ನಿಯಮ ಇದು. ಪುಸ್ತಕದ ಮೊದಲ ಕಾಲು ಭಾಗದಲ್ಲಿ ನಡೆಯುವುದನ್ನು ಧಾರಾಳವಾಗಿ ಹೇಳಬಹುದು. ಅದರ ಆಚೆಗಿನದನ್ನು ಹೇಳಲೇಬೇಕಾದರೆ ಮೊದಲು ಎಚ್ಚರಿಕೆಯ ಸಾಲು, ಆಮೇಲೆ ಬೇರೆ ಪ್ಯಾರಾ. ಸರಣಿಯ ಮುಂದಿನ ಪುಸ್ತಕವಾದರೆ ತಲೆಬರಹದ ಕೆಳಗೇ ‘ಮೊದಲ ಪುಸ್ತಕ ಓದದವರು ಇಲ್ಲಿಗೇ ನಿಲ್ಲಿಸಿ’ ಅಂತ ಹಾಕಿ. ‘ಕೊನೆಯಲ್ಲಿ ಊಹಿಸಲಾಗದ ತಿರುವಿದೆ’ ಅನ್ನುವುದೂ ಸ್ಪಾಯ್ಲರ್ರೇ. ಹಾಗೆ ಹೇಳಿದ ಮೇಲೆ ಓದುಗರು ಪ್ರತಿ ಪುಟದಲ್ಲೂ ತಿರುವನ್ನೇ ಹುಡುಕುತ್ತಾರೆ.

ಕೆಲವು ವಿಷಯಗಳನ್ನು ಮಾತ್ರ ಮೊದಲೇ ಹೇಳುವುದು ಒಳ್ಳೆಯದು. ಹಿಂಸೆ, ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ ಇಂಥವು ಬರುತ್ತವೆ ಅಂದರೆ ಕಥೆ ಬಿಡಿಸದೆ ಒಂದು ಸಾಲಿನಲ್ಲಿ ತಿಳಿಸಿ. ನಿಮ್ಮನ್ನು ಓದುವವರಲ್ಲಿ ಹದಿಮೂರರ ಹುಡುಗಿಯೂ ಇರಬಹುದು, ಅವಳಿಗೆ ಪುಸ್ತಕ ಕೊಡಿಸುವ ಅಪ್ಪನೂ ಇರಬಹುದು.

ಏಳನೇ ಹೆಜ್ಜೆ: ಹಿಡಿಸದ ಪುಸ್ತಕದ ಬಗ್ಗೆ ಹೇಗೆ ಬರೆಯುವುದು

ಬರೆಯಿರಿ, ಆದರೆ ಪುಸ್ತಕದ ಬಗ್ಗೆ ಬರೆಯಿರಿ. ಲೇಖಕರ ಬಗ್ಗೆ ಬೇಡ, ಅದನ್ನು ಇಷ್ಟಪಟ್ಟವರ ಬಗ್ಗೆಯೂ ಬೇಡ. ‘ಬೋರಿಂಗ್’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ನೂರು ಪುಟ ಪ್ರಯಾಣ ಮಾಡುತ್ತಾರೆ, ಆ ನೂರು ಪುಟದಲ್ಲಿ ಇಬ್ಬರ ನಡುವೆ ಏನೂ ಬದಲಾಗುವುದಿಲ್ಲ’ ಅಂದರೆ ಅದು ವಿಮರ್ಶೆ. ಅದನ್ನು ಓದಿ ಇನ್ನೊಬ್ಬರು ‘ನನಗೆ ಆ ಪ್ರಯಾಣವೇ ಇಷ್ಟ’ ಅಂತ ವಾದಕ್ಕೆ ಬರಬಹುದು. ಅಂಥ ವಾದ ನನಗೆ ತುಂಬಾ ಇಷ್ಟ. ಎಷ್ಟೋ ಸಲ ನಾನು ಸೋತು, ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ.

ಖಾರವಾಗಿ ಬರೆದದ್ದನ್ನು ಲೇಖಕರ ಖಾತೆಗೆ ಟ್ಯಾಗ್ ಮಾಡಬೇಡಿ. ವಿಮರ್ಶೆ ಓದುಗರಿಗಾಗಿ. ಲೇಖಕರಿಗೆ ಬೇಕಿದ್ದರೆ ಅವರೇ ಹುಡುಕಿಕೊಳ್ಳುತ್ತಾರೆ.

ಎಂಟನೇ ಹೆಜ್ಜೆ: ಬ್ಲಾಗಿನ ಕೆಲಸಗಳು

ಇವು ಸಣ್ಣವು, ಬೇಗ ಹೇಳಿಬಿಡುತ್ತೇನೆ. ಕನ್ನಡವನ್ನು ಯಾವಾಗಲೂ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ವ್ಯವಸ್ಥೆಯಲ್ಲಿ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಬೇರೆಯವರ ಪರದೆಯ ಮೇಲೆ ಗೀಚು ಗೀಚಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಲೇಖನದ ಮೇಲೆ ಪುಸ್ತಕದ ಹೆಸರು, ಲೇಖಕರು, ಮೊದಲು ಪ್ರಕಟವಾದ ವರ್ಷ, ಸರಣಿಯಲ್ಲಿ ಎಷ್ಟನೆಯದು ಅನ್ನುವುದನ್ನು ಹಾಕಿ. ಅನುವಾದವಾದರೆ ಅನುವಾದಕರ ಹೆಸರನ್ನು ಮರೆಯಲೇಬೇಡಿ. ನೀವು ಓದಿದ ಪ್ರತಿ ವಾಕ್ಯವೂ ಅವರದು. ಬೇರೆ ಭಾಷೆಯ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಒಂದು ರೂಪ ಆರಿಸಿಕೊಂಡು, ಎಲ್ಲ ಲೇಖನದಲ್ಲೂ ಅದನ್ನೇ ಬಳಸಿ. ಪುಸ್ತಕದ ಫೋಟೋವನ್ನು ನೀವೇ ತೆಗೆಯಿರಿ. ಕಿಟಕಿ ಪಕ್ಕ ಬೆಳಗಿನ ಬೆಳಕಿನಲ್ಲಿ ಫೋನಿನಿಂದಲೇ ಚೆನ್ನಾಗಿ ಬರುತ್ತದೆ.

ಪ್ರಕಾಶಕರು ಅಥವಾ ಲೇಖಕರು ಪುಸ್ತಕ ಉಚಿತವಾಗಿ ಕಳಿಸಿದ್ದರೆ ಅದನ್ನು ಲೇಖನದಲ್ಲಿ ಹೇಳಿ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಬ್ಲಾಗ್ ಬರೆಯುವವರೂ ಇಂಥದ್ದನ್ನು ತಿಳಿಸಬೇಕು ಅಂತ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು. ನಿಯಮ ಇರಲಿ ಬಿಡಲಿ, ಓದುಗರು ನಿಮ್ಮ ಮಾತು ನಂಬಿ ಪುಸ್ತಕ ಕೊಳ್ಳುತ್ತಾರೆ. ಅವರಿಗೆ ಇದು ಗೊತ್ತಿರಬೇಕು.

ವಾರಕ್ಕೊಂದು ಬರೆಯುತ್ತೇನೆ ಅಂತ ಹಟ ಹಿಡಿಯಬೇಡಿ. ಹಾಗೆ ಮಾಡಿದರೆ ಬರೆಯುವುದಕ್ಕಾಗಿ ಓದುವ ಹಾಗಾಗುತ್ತದೆ, ಪುಟ ಓಡಿಸುವ ಅವಸರ ಬರುತ್ತದೆ. ನನಗೂ ಒಂದು ವರ್ಷ ಹಾಗಾಯಿತು. ಎಣಿಕೆ ಏರಿತು, ಕತ್ತರಿ ಗುರುತುಗಳು ಕಡಿಮೆಯಾದವು. ಈಗ ತಿಂಗಳಿಗೆ ಒಂದು ಒಳ್ಳೆಯ ಲೇಖನ ಬಂದರೆ ನನಗೆ ಸಮಾಧಾನ. ಹೊಸದು ಓದಲು ಮನಸ್ಸಿಲ್ಲದ ದಿನ ಬೇರೆ ಏನಾದರೂ ಬರೆಯಬಹುದು. ಎರಡು ಪುಸ್ತಕಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಐದು ಕಾದಂಬರಿಗಳ ಮೊದಲ ವಾಕ್ಯಗಳನ್ನು ಹೋಲಿಸಿ. ಒಂದು ಪಾತ್ರಕ್ಕೆ ಕಾಗದ ಬರೆಯಿರಿ.

ಉತ್ತರ ಬರೆದವರಿಗೆಲ್ಲ ಮರಳಿ ಉತ್ತರಿಸಿ. ಇದರ ಸುಖ ಹೇಳದೆ ಇರಲಾರೆ. ನೀವು ಒಬ್ಬರೇ ಅತ್ತ ಒಂದು ಪುಟಕ್ಕೆ ಎಲ್ಲೋ ಇರುವ ಇನ್ನೊಬ್ಬರೂ ಅತ್ತಿದ್ದರು ಅಂತ ಗೊತ್ತಾಗುತ್ತದೆ. ಮುಖ ನೋಡಿಲ್ಲ, ಊರು ಗೊತ್ತಿಲ್ಲ, ಆದರೂ ‘ನನಗೂ ಅಲ್ಲೇ’ ಅನ್ನುವ ಎರಡು ಪದ ಓದಿದಾಗ ಆಗುವ ಖುಷಿಯೇ ಬೇರೆ.

ಕೊನೆಯ ಹೆಜ್ಜೆ: ಕೆಲವು ವರ್ಷ ಬಿಟ್ಟು ಮತ್ತೆ ಓದಿ

ಹಳೆಯ ಲೇಖನಗಳನ್ನು ಅಳಿಸಬೇಡಿ. ಅಭಿಪ್ರಾಯ ಬದಲಾದರೆ ಕೆಳಗೆ ಹೊಸ ತಾರೀಖು ಹಾಕಿ ಸೇರಿಸಿ.

ಬಾಗಿಲು ತೆಗೆಯದ ಅಣ್ಣನ ಆ ಕಾದಂಬರಿಯನ್ನು ಎಷ್ಟೋ ವರ್ಷದ ನಂತರ ನಾನು ಮತ್ತೆ ಓದಿದೆ. ಮೊದಲ ಸಲ ಓದಿದಾಗ ನಾನು ಪೂರ್ತಿ ತಂಗಿಯ ಜೊತೆ ಹೊಸ್ತಿಲ ಮೇಲಿದ್ದೆ. ಅಣ್ಣನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಮುಂದಿನ ಅಧ್ಯಾಯಗಳಲ್ಲಿ ಅವನ ಮಾತುಗಳನ್ನು ಸರಿಯಾಗಿ ಓದಿಯೇ ಇರಲಿಲ್ಲ. ಈ ಸಲ ಅದೇ ಪುಟದಲ್ಲಿ ಒಂದು ಸಾಲು ಕಂಡಿತು. ಆಗಲೂ ಅದು ಅಲ್ಲೇ ಇದ್ದಿರಬೇಕು. ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಳಕು ರಾತ್ರಿಯಿಡೀ ಆರಲಿಲ್ಲ ಅನ್ನುವ ಸಾಲು. ಅವನೂ ಒಳಗೆ ಎದ್ದೇ ಕೂತಿದ್ದ.

ನೋಟ್‌ಬುಕ್ ತೆಗೆದು ಹಳೆಯ ಟಿಪ್ಪಣಿಯ ಕೆಳಗೆ ತಾರೀಖು ಹಾಕಿದೆ. ‘ದೀಪ ಆರಿರಲಿಲ್ಲ’ ಅಂತ ಬರೆದೆ.